ಕಣ್ಣಳತೆ

ಕಾರಿನ ಗಾಜಿನಿಂದಲೇ ಕೇರಿ ನೋಡಬಹುದು ಎಂದು
ಈ ನಮೂನೆ ಬರೆದವರು ಸಮತಟ್ಟು ಊರಿನವರಿರಬೇಕು.
ವಾಲ್ಪರೈಸೊದ ಈ ಗುಡ್ಡಕ್ಕೆ ಕಾರು ಬರುವುದು
ಮೂರನೇ ತಿರುವಿನವರೆಗೆ. ಆಮೇಲೆ
ಕಾಲೇ ಗಾಡಿ, ಏದುಸಿರೇ ಹಾರ್ನು.

ಜುಲೈ. ಚಳಿಗಾಲದ ಒಂಬತ್ತೂವರೆ.
ಕಡಲಿಂದೆದ್ದ ಮಂಜು
ಬಂದರಿನ ಕ್ರೇನುಗಳ ಕುತ್ತಿಗೆಯವರೆಗೆ.
ಮೊದಲ ಕಲಂ: ವಸತಿ.
ತಗಡಿನ ಗೋಡೆ, ಹಳದಿ, ನೀಲಿ, ಮತ್ತೆ ನೀಲಿ,
ಹಡಗಿಗೆ ಬಳಿದು ಉಳಿದ ಬಣ್ಣ.
‘ಸಾಧಾರಣ’ ಎಂದು ಬರೆದು
ಹೊಡೆದು ಹಾಕಿದೆ.

ಮೆಟ್ಟಿಲು ನೂರ ಅರವತ್ತೊಂದು.
ತೊಂಬತ್ತು ದಾಟಿದರೆ ಹಿಡಿಕಂಬಿ ಇಲ್ಲ,
ಯಾರೋ ಕಿತ್ತು ಗುಜರಿಗೆ ಹಾಕಿದ್ದಾರೆ.
ಬದಲಿಗೆ ಹಡಗಿನ ಹಗ್ಗ.
ಅದು ಒಂದೇ ಕಡೆ ಸವೆದು ನುಣುಪಾಗಿದೆ,
ನನ್ನ ಸೊಂಟಕ್ಕಿಂತ ಗೇಣು ಕೆಳಗೆ.
ಹಿಡಿಯುವವರು ಮಕ್ಕಳೋ, ಬೆನ್ನು ಬಾಗಿದವರೋ?
ಶಾಲೆಯ ಗಂಟೆ ಬಾರಿಸಿತು.
ಮಕ್ಕಳು ಹಗ್ಗ ಮುಟ್ಟದೆ
ಎರಡೆರಡು ಮೆಟ್ಟಿಲು ಹಾರಿ ಇಳಿದರು.
ಉತ್ತರ ಬರೆದುಕೊಂಡೆ.

ಸೀಮೆಎಣ್ಣೆ ವಾಸನೆಗೆ ಕಲಂ ಇಲ್ಲ.
ಏಳು ಮನೆ ದಾಟುವಷ್ಟರಲ್ಲಿ ನಾಲ್ಕು ಕೆಮ್ಮು ಕೇಳಿದೆ:
ಒಂದು ಒಣ, ಒಂದು ಒದ್ದೆ,
ಒಂದು ಅತ್ತು ಮುಗಿಸಿದ ಮಗುವಿನದು,
ಒಂದು ನಾಯಿಯದು.
ನಾಯಿಯದನ್ನೂ ಬರೆದುಕೊಂಡೆ,
ಅದೂ ಮಲಗುವುದು ಅದೇ ಒಲೆಯ ಪಕ್ಕ.

ದೋನ್ಯಾ ಎರ್ಮೆಲಿಂದಾ ಅಂಗಡಿಯಲ್ಲಿ
ಈರುಳ್ಳಿ, ಬೆಂಕಿಪೊಟ್ಟಣ, ಮಗುವಿನ ಕಣ್ಣೆತ್ತರಕ್ಕೆ
ಕೆಂಪು ಸೋಡಾ ಬಾಟಲಿಗಳ ಸಾಲು.
ನೋವಿನ ಮಾತ್ರೆ ಬಿಡಿಬಿಡಿಯಾಗಿ, ಕತ್ತರಿಯಲ್ಲಿ ಕತ್ತರಿಸಿ.
ಮಾರಬಾರದಲ್ಲವೇ ಎಂದೆ.
ಅವಳು ಕತ್ತರಿ ಕೆಳಗಿಡಲಿಲ್ಲ.
‘ಮಂಗಳವಾರ ಕೊಂಡರೆ ಬೆನ್ನು,’ ಎಂದಳು,
‘ಶನಿವಾರ ಬೆಳಿಗ್ಗೆ ಕೊಂಡರೆ ಗಂಡ.’
ನನ್ನ ಹಾಳೆಯಲ್ಲಿ ವಾರಗಳಿಗೆ ಜಾಗವಿರಲಿಲ್ಲ,
ಅಂಚಿನಲ್ಲಿ ಬರೆದೆ, ಅಡ್ಡಡ್ಡ.

ಒಂದಗುಳು ಹಿಚುಕಿದರೆ ಸಾಕೆನ್ನುತ್ತಾರೆ.
ಅದು ಒಂದೇ ಪಾತ್ರೆಯಲ್ಲಿ ಬೆಂದ ಅನ್ನದ ಮಾತು.
ಇಲ್ಲಿ ಮನೆಗೊಂದು ಒಲೆ,
ಕೆಲವದರ ಬೆಂಕಿ ಆರಿದ್ದು ಯಾವಾಗಲೋ.

ಹನ್ನೆರಡಾಯಿತು. ಹಸಿರು ಬಾಗಿಲೊಂದರ ಚಿಲಕದಲ್ಲಿ
ಬೆಳಗಿನ ಬ್ರೆಡ್ಡಿನ ಚೀಲ ಇನ್ನೂ ತೂಗುತ್ತಿತ್ತು.
ಇಷ್ಟೆಲ್ಲ ಕಲಿತವಳು ನಾನು. ತಕ್ಷಣ ಲೆಕ್ಕ ಹಾಕಿದೆ:
ಒಂಟಿ ಜೀವ, ಬಿದ್ದಿರಬಹುದು, ಸೊಂಟದ ಮೂಳೆ,
ನಿನ್ನೆ ರಾತ್ರಿಯಿಂದಲೇ ಇರಬಹುದು.
ನೋಡಬೇಕು, ತಟ್ಟಬಾರದು ಎಂಬುದು ನಿಯಮ.
ತಟ್ಟಿದೆ. ಮುಷ್ಟಿ ಕೆಂಪಾಗುವವರೆಗೆ.

ತೆರೆದವನು ನಹುವೆಲ್, ಇಪ್ಪತ್ತೈದರ ಹುಡುಗ,
ಕೆನ್ನೆಯ ಮೇಲೆ ದಿಂಬಿನ ಗೆರೆ,
ಬಂದರಿನಲ್ಲಿ ರಾತ್ರಿ ಪಾಳಿ.
ಬಯ್ದ. ಬಯ್ಯುತ್ತಲೇ ಚೀಲ ತೆಗೆದುಕೊಂಡ.
ಒಂದು ಬ್ರೆಡ್ಡು ಮುರಿದು ಅರ್ಧ ನನಗೆ ಕೊಟ್ಟ,
ನನ್ನ ಮುಖ ನೋಡಿ ಏನನಿಸಿತೋ.

‘ಸೆನ್ಯೊರಿತಾ, ತೂಗುವ ಚೀಲ ಎಲ್ಲರಿಗೂ ಕಾಣುತ್ತದೆ,’
ಬಾಯಿ ತುಂಬಿಕೊಂಡೇ ಹೇಳಿದ,
‘ಎದುರು ಮನೆ ನೋಡು.
ಇಸೋಲಿನಾ ಸೋಮವಾರದಿಂದ ಚೀಲವನ್ನೇ ಹಾಕಿಲ್ಲ.’

ಎದುರು ಮನೆ. ಎರಡು ಸಲ ದಾಟಿದ್ದೆ ಅದನ್ನು.
ಹಾಳೆಯಲ್ಲಿತ್ತು ನನ್ನದೇ ಅಕ್ಷರ:
ಅಂಗಳ ಸ್ವಚ್ಛ. ಕಸವಿಲ್ಲ. ವಿಶೇಷವೇನಿಲ್ಲ.
ಬಾಗಿಲಲ್ಲಿ ಖಾಲಿ ಮೊಳೆ,
ಅದರ ಕೆಳಗೆ ಬಣ್ಣ ಉಜ್ಜಿ ಹೋದ ಒಂದು ಅರ್ಧಚಂದ್ರ,
ಎಷ್ಟೋ ವರ್ಷ ಚೀಲ ತೂಗಾಡಿದ ಗುರುತು.

ನಹುವೆಲ್ ಬರಿಗಾಲಲ್ಲೇ ಬಂದ.
ಪೆನ್ನು ಜೇಬಿಗೆ ಹಾಕಿದೆ.
ತಟ್ಟಿದೆವು, ಒಬ್ಬರಾದ ಮೇಲೊಬ್ಬರು.
ಒಳಗೆ ಕುರ್ಚಿ ಸರಿದ ಸದ್ದು.
ನಿಂತಿತು.
ಮತ್ತೆ ಒಂದಿಷ್ಟು
ಸರಿಯಿತು.